ಅಲ್ಪಾಯುಷಿ ಲಿಂಡೆಮನ್

ರೇಮಂಡ್ ಲಿಂಡೆಮನ್ 1915ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಜನಿಸಿದರು. ಇಪ್ಪತ್ತಾರು ವರ್ಷಗಳ ಬಾಳಿನಲ್ಲಿ ಅವರು ಬರೆದ ಸಂಶೋಧನ ಪ್ರಬಂಧಗಳು ಬೆರಳೆಣಿಕೆಯವು. ಆದರೂ ಪರಿಸರ ವಿಜ್ಞಾನಿಗಳು ಇಂದಿಗೂ ಮತ್ತೆ ಮತ್ತೆ ಉಲ್ಲೇಖಿಸುವ ಬರಹಗಳಲ್ಲಿ ಅವರದೊಂದು ಸೇರಿದೆ.

ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಅವರು ಸೀಡರ್ ಬಾಗ್ ಎಂಬ, ಹೂಳು ತುಂಬಿ ಮುಪ್ಪಡರುತ್ತಿದ್ದ ಸಣ್ಣ ಸರೋವರವನ್ನು ಹಲವು ವರ್ಷ ಅಭ್ಯಸಿಸಿದರು. ಪತ್ನಿ ಎಲೀನರ್ ಆ ಕೆಲಸದಲ್ಲಿ ನೆರವಾದರು. ಪಾಚಿ, ಹುಳು, ಮೀನುಗಳನ್ನು ಪಟ್ಟಿ ಮಾಡಿದಷ್ಟಕ್ಕೆ ಲಿಂಡೆಮನ್ನರಿಗೆ ತೃಪ್ತಿಯಾಗಲಿಲ್ಲ. ಸೂರ್ಯನಿಂದ ಬಂದ ಶಕ್ತಿ ಒಂದು ಆಹಾರಸ್ತರದಿಂದ ಮುಂದಿನದಕ್ಕೆ ಎಷ್ಟು ಸಾಗುತ್ತದೆ, ಉಸಿರಾಟದಲ್ಲಿ ಎಷ್ಟು ವ್ಯಯವಾಗುತ್ತದೆ ಎಂದು ಲೆಕ್ಕ ಹಾಕಿದರು. 1941ರಲ್ಲಿ ಯೇಲ್ ಸೇರಿ, ಹಚಿನ್‌ಸನ್ನರ ಮಾರ್ಗದರ್ಶನದಲ್ಲಿ ಪ್ರಬಂಧವನ್ನು ಪರಿಷ್ಕರಿಸಿದರು.

‘ಇಕಾಲಜಿ’ ಪತ್ರಿಕೆಯ ಪರಿಶೀಲಕರಾದ ಜೂಡೇ ಮತ್ತು ವೆಲ್ಚ್, ಇಬ್ಬರೂ ಸರೋವರ ವಿಜ್ಞಾನದ ಹಿರಿಯರು, ಅದನ್ನು ತಿರಸ್ಕರಿಸಿದರು. ಇಷ್ಟು ಸ್ವಲ್ಪ ಆಧಾರದ ಮೇಲೆ ಅಷ್ಟು ದೊಡ್ಡ ಸಿದ್ಧಾಂತವೇ ಎಂಬುದು ಅವರ ಆಕ್ಷೇಪ. ಅದು ತೀರ ಹುರುಳಿಲ್ಲದ್ದೇನಲ್ಲ. ಹಚಿನ್‌ಸನ್ನರು ಶಿಷ್ಯನ ಪರವಾಗಿ ಪಟ್ಟು ಹಿಡಿದು ವಾದಿಸಿದರು. ಸಂಪಾದಕ ಥಾಮಸ್ ಪಾರ್ಕ್ ಕೊನೆಗೆ ತಿದ್ದಿದ ಪ್ರತಿಯನ್ನು ಸ್ವೀಕರಿಸಿದರು. ಯಕೃತ್ತಿನ ವ್ಯಾಧಿಯಿಂದ ನವೆದಿದ್ದ ಲಿಂಡೆಮನ್ 1942ರ ಜೂನ್ 29ರಂದು ತೀರಿಕೊಂಡರು. ಪ್ರಬಂಧ ಅಚ್ಚಾದದ್ದು ಅಕ್ಟೋಬರಿನಲ್ಲಿ, ಗುರುವಿನ ಕಿರುಟಿಪ್ಪಣಿಯೊಡನೆ.

ಪಠ್ಯಪುಸ್ತಕಗಳು ಶೇಕಡ ಹತ್ತರ ನಿಯಮವನ್ನು ಅವರ ಹೆಸರಿಗೆ ಕಟ್ಟಿವೆ. ಮೂಲವನ್ನು ತೆರೆದರೆ ಅಲ್ಲಿರುವುದು ಬೇರೆ ಅಂಕಿ: ಸೀಡರ್ ಬಾಗ್‌ನ ಸಸ್ಯಾಹಾರಿಗಳಿಗೆ ಶೇ. 13.3, ಅವನ್ನು ತಿನ್ನುವ ಜೀವಿಗಳಿಗೆ ಶೇ. 22.3.