ಕಡಲಿಗೆ ಬೇಲಿ ಹಾಕಬಾರದೆಂದ ವಕೀಲ

ಕಾಮರ್ಸ್ ಓದುವ ನಮಗೆ ಬಿಲ್ ಆಫ್ ಲೇಡಿಂಗ್ ಗೊತ್ತು, ಮರೈನ್ ಇನ್ಶೂರೆನ್ಸ್ ಗೊತ್ತು. ಆದರೆ ಹಡಗು ಓಡಾಡುವ ಆ ಕಡಲು ಯಾರಪ್ಪನದು? ಈ ಪ್ರಶ್ನೆಗೆ ಉತ್ತರ ಬರೆದು ಹೆಸರಾದವನು ಹ್ಯೂಗೋ ಗ್ರೋಶಿಯಸ್. ಅವನ ಬಾಳು ನನಗೆ ಅಭಿಮಾನವನ್ನೂ ಕೊಟ್ಟಿದೆ, ಸಿಟ್ಟನ್ನೂ ತರಿಸಿದೆ.

ಹುಟ್ಟಿದ್ದು 1583ರಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ. ನಾವು ಮಗ್ಗಿ ಉರು ಹೊಡೆಯುವ ಹನ್ನೊಂದರ ಪ್ರಾಯದಲ್ಲಿ ಆತ ಲೈಡನ್ ವಿಶ್ವವಿದ್ಯಾಲಯ ಸೇರಿದ. ಹದಿನಾರಕ್ಕೆ ವಕೀಲನಾದ.

ಆಗ ಹಿಂದೂ ಮಹಾಸಾಗರವೇ ತಮ್ಮದೆಂದು ಪೋರ್ಚುಗೀಸರು ಹಟ ಹಿಡಿದಿದ್ದರು. ನಮ್ಮ ಪಶ್ಚಿಮ ಕರಾವಳಿಯ ವರ್ತಕರು ಕೂಡ ಅವರಿಂದ ಕಾರ್ಟಾಜ್ ಎಂಬ ಪರವಾನಗಿ ಪಡೆಯಬೇಕಿತ್ತು. ಅದಿಲ್ಲದ ಹಡಗು ಕೈಗೆ ಸಿಕ್ಕರೆ ಜಪ್ತಿಯೇ ಗತಿ. 1603ರಲ್ಲಿ ಸಿಂಗಪುರದ ಬಳಿ ಡಚ್ಚರು ಪೋರ್ಚುಗೀಸರ ಸಾಂತಾ ಕತರೀನಾ ಹಡಗನ್ನೇ ಹಿಡಿದರು. ಅದರಲ್ಲಿದ್ದ ರೇಷ್ಮೆ, ಪಿಂಗಾಣಿ ಎಲ್ಲ ಹರಾಜಾಗಿ ಮೂವತ್ತು ಲಕ್ಷ ಗಿಲ್ಡರಿಗೂ ಮಿಕ್ಕಿ ಹಣ ಬಂತು. ಇದು ಲೂಟಿಯಲ್ಲವೇ ಎಂದು ಕೆಲವು ಷೇರುದಾರರೇ ಕೇಳಿದರು. ಡಚ್ ಈಸ್ಟ್ ಇಂಡಿಯಾ ಕಂಪನಿ ತನ್ನ ಪರ ವಾದ ಬರೆಯಲು ಗ್ರೋಶಿಯಸ್‌ನನ್ನು ಹಿಡಿಯಿತು.

ಹಾಗೆ ಬರೆದದ್ದರ ಒಂದು ಅಧ್ಯಾಯ 1609ರಲ್ಲಿ ಮಾರೆ ಲಿಬೆರಂ, ಅಂದರೆ ಮುಕ್ತ ಸಮುದ್ರ, ಎಂದು ಕರ್ತೃವಿನ ಹೆಸರಿಲ್ಲದೆ ಅಚ್ಚಾಯಿತು. ವಾದ ಸರಳ. ಹೊಲಕ್ಕೆ ಬೇಲಿ ಹಾಕಬಹುದು, ಕಡಲಿಗೆ ಆಗದು. ಒಂದು ಹಡಗು ಹೋದರೆ ಇನ್ನೊಂದಕ್ಕೆ ದಾರಿ ಕಮ್ಮಿಯಾಗದು. ಮೀನೂ ಹಿಡಿದಷ್ಟು ಮುಗಿಯದು. ಪೂರ್ವದೇಶಗಳಿಗೆ ಅವುಗಳದೇ ದೊರೆಗಳಿದ್ದಾರೆ, ಪೋಪರು ಅವನ್ನು ಯಾರಿಗೂ ದಾನ ಕೊಡಲಾರರು. ಕಂಪನಿಯ ವಕೀಲನಾದರೂ ಈ ಮಾತು ಹೇಳಿದನಲ್ಲ, ಅದಕ್ಕೇ ಅಭಿಮಾನ.

ಸಿಟ್ಟು ಬರೋದು ಇಲ್ಲಿ. 1613ರಲ್ಲಿ ಆತ ಲಂಡನ್ನಿಗೆ ಸಂಧಾನಕ್ಕೆ ಹೋದ. ಕಡಲು ಎಲ್ಲರದಾದರೆ ಸಂಬಾರ ದ್ವೀಪಗಳಿಗೆ ನಮ್ಮನ್ನೇಕೆ ಬಿಡುವುದಿಲ್ಲ ಎಂದು ಇಂಗ್ಲಿಷರು ಅವನ ಪುಸ್ತಕವನ್ನೇ ಅವನ ಮುಂದೆ ಹಿಡಿದರು. ಅಲ್ಲಿನ ದೊರೆಗಳು ನಮ್ಮೊಡನೆ ಕರಾರು ಮಾಡಿಕೊಂಡಿದ್ದಾರೆ ಎಂದು ಆತ ಜಾರಿಕೊಂಡ! ತತ್ತ್ವ ಒಂದು ಕಡೆ, ಕಕ್ಷಿದಾರ ಇನ್ನೊಂದು ಕಡೆ. ಇತ್ತ ಇಂಗ್ಲೆಂಡಿನ ಜಾನ್ ಸೆಲ್ಡನ್ 1635ರಲ್ಲಿ, ಕಡಲಿಗೂ ಒಡೆಯರುಂಟು ಎಂದು ಎದುರು ಪುಸ್ತಕ ಹೊರಡಿಸಿದ.

ಅಷ್ಟರಲ್ಲಿ ಗ್ರೋಶಿಯಸ್‌ನ ದೆಸೆ ತಿರುಗಿತ್ತು. ಮತ ಮತ್ತು ರಾಜಕೀಯದ ಜಗಳದಲ್ಲಿ 1619ರಲ್ಲಿ ಅವನಿಗೆ ಆಜೀವ ಸೆರೆ ಆಯಿತು. ಓದಲು ಪುಸ್ತಕ ತುಂಬಿದ ಪೆಟ್ಟಿಗೆ ಕೋಟೆಗೆ ಬಂದು ಹೋಗುತ್ತಿತ್ತು. 1621ರಲ್ಲಿ ಹೆಂಡತಿ ಮರಿಯಾ ಅದೇ ಪೆಟ್ಟಿಗೆಯೊಳಗೆ ಅವನನ್ನು ಮಲಗಿಸಿ ಪಾರುಮಾಡಿದಳು. ಪ್ಯಾರಿಸ್ಸಿನಲ್ಲಿದ್ದು, 1625ರಲ್ಲಿ ಯುದ್ಧ ಮತ್ತು ಶಾಂತಿಯ ನ್ಯಾಯದ ಬಗ್ಗೆ ದೊಡ್ಡ ಗ್ರಂಥ ಹೊರತಂದ. ಆಮೇಲೆ ಸ್ವೀಡನ್ನಿನ ರಾಯಭಾರಿಯಾದ. 1645ರಲ್ಲಿ ಬಾಲ್ಟಿಕ್ ಕಡಲಲ್ಲಿ ಅವನ ಹಡಗು ಬಿರುಗಾಳಿಗೆ ಸಿಕ್ಕಿತು. ಹೇಗೋ ದಡ ಸೇರಿ, ರೋಸ್ಟಾಕ್ ಊರಿನಲ್ಲಿ ಪ್ರಾಣ ಬಿಟ್ಟ.

ಕೊನೆಗೆ ಗೆದ್ದವರು ಯಾರು? 1982ರ ವಿಶ್ವಸಂಸ್ಥೆಯ ಸಮುದ್ರ ಒಪ್ಪಂದ ಇಬ್ಬರಿಗೂ ಪಾಲು ಕೊಟ್ಟಿತು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ಆಯಾ ದೇಶದ ಒಡೆತನ, ಆದರೂ ತೊಂದರೆ ಕೊಡದ ಹಡಗಿಗೆ ದಾರಿ ಉಂಟು. 200 ಮೈಲಿಯವರೆಗೆ ಮೀನು, ಖನಿಜದ ಹಕ್ಕು. ಭಾರತ ಇದನ್ನು 1995ರಲ್ಲಿ ಅನುಮೋದಿಸಿತು.

ದಾರಿಯ ವಿಷಯದಲ್ಲಿ ಗ್ರೋಶಿಯಸ್ ಸರಿ, ಮೀನಿನ ವಿಷಯದಲ್ಲಿ ತಪ್ಪು. ಮೀನು ಮುಗಿಯುತ್ತದೆ. ಟ್ರಾಲರಿಗೂ ನಾಡದೋಣಿಗೂ ಜಗಳ ಹತ್ತಿದ ಮೇಲೆಯೇ ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಮೀನುಗಾರಿಕೆಗೆ ಕಾಯಿದೆ ಮಾಡಬೇಕಾಯಿತು. ಎಲ್ಲರದು ಎಂದು ಸುಮ್ಮನೆ ಬಿಟ್ಟರೆ ಅದು ದೊಡ್ಡ ಬಲೆಯವನದಾಗುತ್ತದೆ. ನಾಳೆ ಯಾವುದೋ ಕಂಪನಿಯ ಲೆಕ್ಕ ಬರೆಯಲಿರುವ ನಾವು ನೆನಪಿಡಬೇಕಾದ್ದು ಇಷ್ಟೇ: ನಮ್ಮ ಲಾಭಕ್ಕೆಂದು ಎತ್ತಿ ಹಿಡಿದ ನ್ಯಾಯವನ್ನು ಎದುರಾಳಿ ಕೇಳಿದಾಗಲೂ ಕೊಡಬೇಕು.