ಡವ್ ನದಿಯ ತಡಿಯ ಕಲ್ಲುಮನೆ

ಗಾಳವನ್ನು ನಾನು ಕೈಯಿಂದ ಮುಟ್ಟಿದವನಲ್ಲ. ಮೀನಿನ ರುಚಿಯನ್ನೂ ಅರಿಯೆನು. ಆದರೂ ಐಸಾಕ್ ವಾಲ್ಟನ್ನನ ‘ದಿ ಕಂಪ್ಲೀಟ್ ಆಂಗ್ಲರ್’ ಗ್ರಂಥವನ್ನು ಹಲವು ಸಲ ಓದಿದ್ದೇನೆ. ಮೀನು ಹಿಡಿಯುವ ವಿದ್ಯೆಯನ್ನು ಕಲಿಸಹೊರಟ ಪುಸ್ತಕವು ಮೀನಿನ ಗೊಡವೆಯೇ ಇಲ್ಲದವರನ್ನೂ ಸೆಳೆಯುವುದೇಕೆ? ಉತ್ತರವನ್ನು ಕರ್ತೃವಿನ ಬಾಳಿನಲ್ಲಿ ಹುಡುಕಬೇಕೆಂದು ನನಗೆ ತೋರುತ್ತದೆ.

ವಾಲ್ಟನ್ 1593ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡಿನಲ್ಲಿ ಹುಟ್ಟಿದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತದೆ, ಲಂಡನ್ನಿಗೆ ಬಂದು ಬಟ್ಟೆಯ ವ್ಯಾಪಾರ ಹಿಡಿದನು. ನೆರೆಯ ಚರ್ಚಿನಲ್ಲಿ ಧರ್ಮಗುರುವಾಗಿದ್ದ ಕವಿ ಜಾನ್ ಡನ್ನನ ಸ್ನೇಹ ದೊರೆಯಿತು. ಅವನ ಚರಿತ್ರೆಯನ್ನು ವಾಲ್ಟನ್ 1640ರಲ್ಲಿ ಪ್ರಕಟಿಸಿದನು. ಅದೇ ವರ್ಷ ಅವನ ಹೆಂಡತಿ ರೇಚೆಲ್ ತೀರಿಕೊಂಡಳು. ಅವಳು ಹೆತ್ತ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಮನೆಯ ದುಃಖ ಆರುವ ಮೊದಲೇ, 1642ರಲ್ಲಿ, ನಾಡಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ವಾಲ್ಟನ್ ರಾಜಪಕ್ಷದವನು. 1649ರಲ್ಲಿ ಅವನ ದೊರೆಯ ಶಿರಚ್ಛೇದವಾಯಿತು. 1651ರಲ್ಲಿ ವೂಸ್ಟರ್ ಕದನದಲ್ಲಿ ಸೋತು ಓಡಿದ ಎರಡನೆಯ ಚಾರ್ಲ್ಸನ ರತ್ನಪದಕವೊಂದನ್ನು ಶತ್ರುಗಳ ಕಣ್ಣು ತಪ್ಪಿಸಿ ಲಂಡನ್ನಿಗೆ ತಲುಪಿಸಿದವನು ಈ ಬಟ್ಟೆಯ ವ್ಯಾಪಾರಿಯೇ!

ಇದಾದ ಎರಡೇ ವರ್ಷಕ್ಕೆ, 1653ರಲ್ಲಿ, ಪುಸ್ತಕ ಹೊರಬಂದಿತು. ಅದರಲ್ಲಿ ಮೇ ತಿಂಗಳ ಬೆಳಗಿದೆ, ಲೀ ನದಿಯ ನೀರಿದೆ, ಸಂಜೆ ಒಟ್ಟಾಗಿ ಉಂಡು ಹಾಡುವ ಗೆಳೆಯರಿದ್ದಾರೆ. ಇದನ್ನು ಪಲಾಯನವೆಂದು ಹಳಿಯುವುದು ಸುಲಭ. ನಾನು ಹಾಗೆ ಹೇಳಲಾರೆ. ಏಳು ಮಕ್ಕಳನ್ನು ಮಣ್ಣಿಗಿಟ್ಟವನ ಶಾಂತಿಯು ಪುಕ್ಕಟೆಯಾಗಿ ಬಂದುದಲ್ಲ.

ಮುಪ್ಪಿನಲ್ಲಿ ಅವನಿಗೆ ಒಬ್ಬ ಮಗನೇ ದೊರೆತಂತಾಯಿತು. ಇವನು ತನಗಿಂತ 37 ವರ್ಷ ಕಿರಿಯನಾದ ಕವಿ ಚಾರ್ಲ್ಸ್ ಕಾಟನ್. ವಾಲ್ಟನ್ನನನ್ನು ತಂದೆಯೆಂದೇ ಕರೆಯುತ್ತಿದ್ದನು. ಸ್ಟಾಫರ್ಡ್‌ಷೈರಿನ ಅಂಚಿನಲ್ಲಿ, ಡವ್ ನದಿಯ ಕಣಿವೆಯಲ್ಲಿ ಅವನ ಬೆರೆಸ್‌ಫರ್ಡ್ ಎಸ್ಟೇಟು. ಮುದುಕನು ದೂರದಿಂದ ಪಯಣಿಸಿ ಅಲ್ಲಿ ಗೆಳೆಯನೊಡನೆ ಟ್ರೌಟ್ ಮೀನಿಗೆ ಗಾಳ ಹಾಕುತ್ತಿದ್ದನು. ಗರಿ ಮತ್ತು ದಾರಗಳಿಂದ ಕಟ್ಟಿದ ಹುಸಿನೊಣದ ಗಾಳದಲ್ಲಿ ಶಿಷ್ಯನೇ ಗುರುವನ್ನು ಮೀರಿದವನು.

1674ರಲ್ಲಿ ಕಾಟನ್ ನದಿಯ ತಿರುವಿನಲ್ಲಿ ಬೆಸ್ತರ ವಿಶ್ರಾಂತಿಗೆಂದು ಒಂದೇ ಕೋಣೆಯ ಕಲ್ಲುಮನೆಯನ್ನು ಕಟ್ಟಿಸಿದನು. ಬೆಸ್ತರೆಂದರೆ ಇಲ್ಲಿ ಕುಲಕಸುಬಿನವರಲ್ಲ, ಒಲವಿಗಾಗಿ ಗಾಳ ಹಿಡಿದವರು. ಬಾಗಿಲ ಮೇಲಿನ ಕಲ್ಲಿನಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ವಾಲ್ಟನ್ನನವನ್ನೂ ಒಂದರೊಳಗೊಂದು ಹೆಣೆದು ಕೆತ್ತಿಸಿದನು. ಕೆತ್ತಿದ ಕಲ್ಲನ್ನು ವಾಲ್ಟನ್ ಕಂಡಿದ್ದನು. ಗೋಡೆ ಬಾಗಿಲ ಕಮಾನಿನವರೆಗೂ ಏಳುವ ಮೊದಲೇ ಅವನು ಹಿಂದಿರುಗಬೇಕಾಯಿತು. 1676ರಲ್ಲಿ ತನ್ನ ಗ್ರಂಥದ ಐದನೆಯ ಮುದ್ರಣಕ್ಕೆ ಹುಸಿನೊಣದ ವಿದ್ಯೆಯ ಎರಡನೆಯ ಭಾಗವನ್ನು ಬರೆದುಕೊಡಬೇಕೆಂದು ಅವನು ಕೇಳಲು, ಕಾಟನ್ ಹತ್ತೇ ದಿನಗಳಲ್ಲಿ ಬರೆದು ಕಳುಹಿಸಿದನು. ತಂದೆಯು ಈ ಬೇಸಗೆಗೆ ಬರುವುದು ಅನುಮಾನವೆಂಬ ಕೊರಗು ಆ ಬರಹದೊಳಗೇ ಇಣುಕುತ್ತದೆ. ಏಪ್ರಿಲ್ 29ರಂದು ವಾಲ್ಟನ್ ಉತ್ತರ ಬರೆದನು: ನಡುವೆ ನೂರಕ್ಕೂ ಹೆಚ್ಚು ಮೈಲಿ, ತನಗೆ ಎಂಬತ್ತಮೂರನೆಯ ವರ್ಷ, ಎರಡನ್ನೂ ಮರೆತು ಮುಂದಿನ ತಿಂಗಳೇ ಯಾತ್ರೆ ಹೊರಡುವುದಾಗಿ ತಿಳಿಸಿದನು.

ಸಾಲದ ಹೊರೆ ತಾಳಲಾರದೆ ಕಾಟನ್ 1681ರಲ್ಲಿ ಬೆರೆಸ್‌ಫರ್ಡನ್ನು ಮಾರಿದನು. ವಾಲ್ಟನ್ 1683ರ ಡಿಸೆಂಬರ್ 15ರಂದು ವಿಂಚೆಸ್ಟರಿನಲ್ಲಿ ಕಾಲವಾದನು. ಬೆರೆಸ್‌ಫರ್ಡಿನ ದೊಡ್ಡ ಮನೆ ಇಂದು ಇಲ್ಲ. ನದಿಯ ತಡಿಯ ಕಲ್ಲುಮನೆಯು ನಿಂತಿದೆ.