ಮೂಲರಾಗಗಳಿಗೆ ಮರುಜೀವವಿತ್ತ ದೊಂ ಪೊಥಿಯೆ

ನಮ್ಮ ಹಿರಿಯರು ಲತೀನ್ ಬಲಿಪೂಜೆಯಲ್ಲಿ ಭಕ್ತಿಯಿಂದ ಆಲಿಸಿದ ಗ್ರೆಗೋರಿಯನ್ ಗಾನವು ಒಂದು ಕಾಲಕ್ಕೆ ತನ್ನ ಮೂಲರೂಪವನ್ನೇ ಕಳೆದುಕೊಂಡಿತ್ತು. 1614-15ರಲ್ಲಿ ರೋಮಿನಲ್ಲಿ ಅಚ್ಚಾದ ಮೆದಿಚಿ ಆವೃತ್ತಿಯು ಅದರ ದೀರ್ಘ ಸ್ವರಾಲಾಪಗಳನ್ನು ಮೊಟಕುಗೊಳಿಸಿತ್ತು.

ಆ ಗಾನವನ್ನು ಉಳಿಸಿಕೊಟ್ಟವರಲ್ಲಿ ದೊಂ ಜೋಸೆಫ್ ಪೊಥಿಯೆಯವರು ಅಗ್ರಗಣ್ಯರು. 1835ರಲ್ಲಿ ಫ್ರಾನ್ಸಿನ ವೋಜ್ ಸೀಮೆಯಲ್ಲಿ ಜನಿಸಿದ ಅವರು 1858ರಲ್ಲಿ ಗುರುದೀಕ್ಷೆ ಪಡೆದು, ಮರುವರ್ಷ ಸೊಲೆಮ್‌ನ ಬೆನೆಡಿಕ್ಟೀನ್ ಮಠವನ್ನು ಸೇರಿದರು. ಮಠಾಧಿಪತಿ ಗೆರಾಂಜೆಯವರ ಅಪ್ಪಣೆಯಂತೆ, ಸಹಸನ್ಯಾಸಿ ದೊಂ ಜೋಸಿಯೋಂರೊಡನೆ ಪ್ರಾಚೀನ ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ಕಾರ್ಯಕ್ಕೆ ತೊಡಗಿದರು. 1870ರಲ್ಲಿ ಜೋಸಿಯೋಂ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ.

1883ರಲ್ಲಿ ಪೊಥಿಯೆಯವರ ‘ಲಿಬೆರ್ ಗ್ರಾದುವಾಲಿಸ್’ ಹೊರಬಂದಿತು. ಆದರೆ ಆಗ ರೋಮಿನ ಅಧಿಕೃತ ಮನ್ನಣೆಯಿದ್ದುದು, ಮೆದಿಚಿ ಆವೃತ್ತಿಯನ್ನೇ ಆಧರಿಸಿದ ಜರ್ಮನಿಯ ರೇಗೆನ್ಸ್‌ಬುರ್ಗ್ ಪುಸ್ತಕಗಳಿಗೆ. ಪ್ರಕಾಶಕರಿಗೆ 30 ವರ್ಷಗಳ ವಿಶೇಷ ಹಕ್ಕೂ ದೊರೆತಿತ್ತು. ಪೊಥಿಯೆಯವರು ಕಲಹಕ್ಕಿಳಿಯದೆ ತಾಳ್ಮೆಯಿಂದ ದುಡಿದರು. 1904ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು ಅವರನ್ನೇ ವ್ಯಾಟಿಕನ್ ಗಾನ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿದರು. 1905ರಲ್ಲಿ ‘ಕಿರಿಯಾಲೆ’, 1908ರಲ್ಲಿ ‘ಗ್ರಾದುವಾಲೆ’ ಸಮಸ್ತ ಧರ್ಮಸಭೆಯ ಕೈಸೇರಿದವು.

1898ರಿಂದ ಸಂತ ವಾಂದ್ರಿಯ್ ಮಠದ ಅಧಿಪತಿಗಳಾಗಿದ್ದ ಅವರು, ಫ್ರಾನ್ಸಿನ ಕಾನೂನುಗಳಿಂದಾಗಿ 1901ರಲ್ಲಿ ತಮ್ಮವರೊಡನೆ ದೇಶ ತೊರೆಯಬೇಕಾಯಿತು. 1923ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ಬೆಲ್ಜಿಯಂನಲ್ಲಿ ದೈವಾಧೀನರಾದರು.

ಇಂದು ನಾವು ಕನ್ನಡದಲ್ಲಿ ಹಾಡಿ ಆರಾಧಿಸುತ್ತೇವೆ. ಆದರೂ ಗ್ರೆಗೋರಿಯನ್ ಗಾನಕ್ಕೆ ಪ್ರಥಮ ಸ್ಥಾನ ಸಲ್ಲಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಾರಿದುದನ್ನು ಮರೆಯಲಾಗದು. ಹಿರಿಯರ ಕಂಠದಲ್ಲಿ ಉಳಿದಿರುವ ‘ಕೀರಿಯೆ’ಯನ್ನು ನಮ್ಮ ಮಕ್ಕಳಿಗೆ ಕಲಿಸೋಣ, ಆ ಮಹನೀಯರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದೇ.